ಅಧ್ಯಕ್ಷರು ಯಾರು?

(ಗ್ರಾಮ ಪಂಚಾಯಿತಿ ಕಚೇರಿ. ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರು. ಎದುರಿಗೆ ಬಿಲ್ ಕಲೆಕ್ಟರ್ ನಿಂಗಪ್ಪ.)

ಮೇಷ್ಟ್ರು: ಏನೋ ನಿಂಗಪ್ಪ, ಬೋರ್ಡಲ್ಲಿ ‘ಅಧ್ಯಕ್ಷಿಣಿ’ ಅಂತಿತ್ತಲ್ಲ, ಬಣ್ಣ ಬಳಿದುಬಿಟ್ಟಿದ್ದೀರಿ?

ನಿಂಗಪ್ಪ: ಹಂಗೆ ಬರೀಬಾರದಂತೆ ಮೇಷ್ಟ್ರೇ. ‘ಅಧ್ಯಕ್ಷರು’ ಅಂದ್ರೆ ಗಂಡಿಗೂ ಸೈ, ಹೆಣ್ಣಿಗೂ ಸೈ. ಹುದ್ದೆಗೆ ಲಿಂಗ ಇಲ್ವಂತೆ.

ಮೇಷ್ಟ್ರು: ಒಳ್ಳೇದೇ ಆಯ್ತು. 2007ರಲ್ಲಿ ಪ್ರತಿಭಾ ಪಾಟೀಲರು ಆಯ್ಕೆಯಾದಾಗ ‘ರಾಷ್ಟ್ರಪತಿ’ಗೆ ಸ್ತ್ರೀಲಿಂಗ ಏನು ಅಂತ ಎಷ್ಟು ಜನ ತಲೆ ಕೆರ್ಕೊಂಡ್ರು! ಪದ ಹಾಗೇ ಉಳೀತು, ಆಕಾಶವೇನೂ ಕಳಚಿ ಬೀಳಲಿಲ್ಲ. ಇರ್ಲಿ, ಅಧ್ಯಕ್ಷರು ಇದ್ದಾರಾ?

ನಿಂಗಪ್ಪ: ಯಾವ ಅಧ್ಯಕ್ಷರು?

ಮೇಷ್ಟ್ರು: ಎಷ್ಟು ಜನ ಇದ್ದಾರಯ್ಯ?

ನಿಂಗಪ್ಪ: ಗೆದ್ದ ಅಧ್ಯಕ್ಷರು ಮನೇಲಿ ಎಮ್ಮೆ ಹಾಲು ಕರೀತಾವ್ರೆ. ಅವರ ಯಜಮಾನ್ರು ಒಳಗೆ ಕುರ್ಚಿ ಮೇಲವ್ರೆ. ಮುಂಚೆ ಯಜಮಾನ್ರನ್ನ ‘ಅಧ್ಯಕ್ಷಿಣಿ’ ಅನ್ನೋಕೆ ನಾಲಿಗೆ ತಡವರಿಸ್ತಿತ್ತು. ಈಗ ಯಾರು ಬಂದ್ರೂ ‘ನಮಸ್ಕಾರ ಅಧ್ಯಕ್ಷರೇ’!

ಮೇಷ್ಟ್ರು: ಪಂಚಾಯಿತೀಲಿ ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನು ಮಾಡಿದ್ದು ಇದಕ್ಕಾ?

ನಿಂಗಪ್ಪ: ಸೀಟು ಕೊಟ್ಟವ್ರೆ, ಕುರ್ಚಿ ಎಲ್ಲಿ ಕೊಟ್ಟವ್ರೆ? ವಿಧಾನಸಭೆಗೆ 2023ರಲ್ಲಿ 224 ಜನ ಗೆದ್ರಲ್ಲ, ಹೆಂಗಸರು ಬರೀ 10. ಅಲ್ಲಿ ಎಲ್ಲರೂ ‘ಶಾಸಕರೇ’.

ಮೇಷ್ಟ್ರು: ನಿನ್ನ ವ್ಯಾಕರಣ ಸಾಕು. ನಮ್ಮ ಬೀದಿ ಚರಂಡಿ ಠರಾವಿಗೆ ಸಹಿ ಬಿತ್ತಾ?

ನಿಂಗಪ್ಪ: ಸಂಜೆ ನಡಾವಳಿ ಪುಸ್ತಕ ಕೊಟ್ಟಿಗೆಗೇ ಒಯ್ತೀನಿ, ಅಕ್ಕೋರು ಕೈ ಒರೆಸ್ಕೊಂಡು ಹಾಕಿಕೊಡ್ತಾರೆ. ಸಹಿ ಒಂದು ಇನ್ನೂ ಸ್ತ್ರೀಲಿಂಗದಾಗೇ ಐತೆ ಮೇಷ್ಟ್ರೇ!