ಎಕ್ಕ ಹುಟ್ಟಿದ ಮನೆ

ರಥಸಪ್ತಮಿಯ ಹಿಂದಿನ ಸಂಜೆ ಹೆಂಡತಿ 7 ಎಕ್ಕದ ಎಲೆ ತರಲು ಕಳಿಸಿದಳು. ತಲೆಗೊಂದು, ಭುಜ, ಮಂಡಿ, ಪಾದಗಳಿಗೆ ಎರಡೆರಡು. ಮಾರ್ಕೆಟ್ಟಿನಲ್ಲಿ ಮಾರುತ್ತಾರೆ ನಿಜ. ಆದರೆ ಪಾಳುಬಿದ್ದ ಕಡೆಯೆಲ್ಲ ಬಿಟ್ಟಿ ಬೆಳೆಯುವ, ದನ ಕೂಡ ಮೂಸಿ ಮುಂದೆ ಹೋಗುವ ಗಿಡಕ್ಕೆ ನಾನು ದುಡ್ಡು ಕೊಡುವುದೆ? ಕೈಚೀಲ ಹಿಡಿದು ಹೊರಟೆ.

ಎರಡು ಬೀದಿ ಆಚೆ ಒಂದು ಹೊಸ ಮನೆ. ಗೃಹಪ್ರವೇಶದ ತೋರಣ ಇನ್ನೂ ಒಣಗಿರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ, ಉಳಿದ ಜಲ್ಲಿಯ ಪಕ್ಕ, ಎದೆಯುದ್ದದ ಎಕ್ಕ! ಬೆಲ್ ಒತ್ತಿದೆ. ಯಜಮಾನರು ಬಂದರು. ಹಲ್ಲು ಕಿರಿದು, “ಸಾರ್, ನಿಮ್ಮ ಮನೇಲಿ ಎಕ್ಕ ಹುಟ್ಟಿದೆ” ಎಂದೆ.

ಅವರು ಮಂಡ್ಯದ ಕಡೆಯವರು ಎಂಬುದು ಮರುಕ್ಷಣವೇ ತಿಳಿಯಿತು. “ಏನಂದ್ರಿ?”

ಕಿವಿ ಮಂದವೇನೋ ಎಂದುಕೊಂಡು ಬೀದಿಗೆಲ್ಲ ಕೇಳುವಂತೆ ಕೂಗಿದೆ: “ಎಕ್ಕ ಸಾರ್, ಎಕ್ಕ! ನಿಮ್ಮ ಮನೇಲಿ ಹುಟ್ಟಿದೆ! ಸೊಂಪಾಗಿ ಹುಟ್ಟಿದೆ!”

ಎದುರುಮನೆಯ ಬಾಲ್ಕನಿಯಲ್ಲಿ ಇಬ್ಬರು ಕಾಣಿಸಿಕೊಂಡರು. ಯಜಮಾನರ ಕಣ್ಣು ಬಾಗಿಲ ಪಕ್ಕದ ಚಪ್ಪಲಿಗಳ ಕಡೆ ಹೊರಳಿತು. ಎಕ್ಕಕ್ಕೂ ಎಕ್ಕಡಕ್ಕೂ ಇರುವುದು ಒಂದೇ ಅಕ್ಷರದ ಅಂತರ. ಆಗಲಾದರೂ ಓಡಬೇಕಿತ್ತು. ನಾನು ಪಾಠ ಶುರುಮಾಡಿದೆ. “ಎಕ್ಕುಟ್ಟೋಯ್ತು ಅಂತೀವಲ್ಲ ಸಾರ್, ಅದು ಎಕ್ಕ ಹುಟ್ಟಿ ಹೋಯ್ತು ಅಂತ. ಮನೆ ಬಿದ್ದು, ಒಲೆ ಇದ್ದ ಜಾಗದಲ್ಲಿ ಎಕ್ಕ ಏಳಬೇಕು, ಅದು ಅದರ ಪೂರ್ಣಾರ್ಥ. ಈಗಿನ ಹುಡುಗರು ಮೊಬೈಲ್ ಚಾರ್ಜ್ ಮುಗಿದರೂ ಎಕ್ಕುಟ್ಟೋಯ್ತು ಅಂತಾವೆ, ಏನು ಹೇಳೋಣ! ಹಾಗಂತ ಇದು ಅಶುಭವಲ್ಲ. ಅರ್ಕ ಅಂದ್ರೆ ಸೂರ್ಯ, ಅರ್ಕವೇ ಎಕ್ಕ. ಮೂರನೇ ಮದುವೆ ಆಗೋರು ಮೊದಲು ಎಕ್ಕದ ಗಿಡಕ್ಕೇ ತಾಳಿ ಕಟ್ಟೋ ಶಾಸ್ತ್ರ ಇದೆ, ನಿಮಗೇನಾದರೂ...”

ಅಷ್ಟರಲ್ಲಿ ಅವರ ತಾಯಿ ಹೊರಬಂದರು, ಹಿಂದೆಯೇ ಹೆಂಡತಿ. ಮೂರನೇ ಮದುವೆಯ ಮಾತು ಇಬ್ಬರಿಗೂ ಕೇಳಿಸಿತ್ತು.

ಎಲೆ ಬೇಕಿತ್ತು ಎಂದು ತೊದಲಿದೆ. ಅಜ್ಜಿ ಶಾಂತವಾಗಿ, “ಎಲೆ ಯಾಕಪ್ಪ, ಗಿಡಾನೇ ತಕ್ಕೊಂಡೋಗು. ಬೇರ್ ಸಮೇತ” ಎಂದರು.

ಎಕ್ಕದ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಿಘಂಟು ಹೇಳುವುದಿಲ್ಲ. ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತರು; ನಾನು ಅವರದೇ ಹಾರೆಯಿಂದ ಅಗೆದೆ. ಕೈಗೆಲ್ಲ ಹಾಲು ಅಂಟಿತು. ಅದು ಕಣ್ಣಿಗೆ ತಾಕಬಾರದೆಂದು ಬೆವರನ್ನೂ ಒರೆಸಿಕೊಳ್ಳದೆ, ಗಿಡವನ್ನು ಹೆಗಲ ಮೇಲೆ ಹೊತ್ತು ಮನೆ ಸೇರಿದೆ. “ಇದನ್ನ ಮನೆಯೊಳಗೆ ತರ್ತಾರಾ?” ಎಂದು ಹೆಂಡತಿ ಬಾಗಿಲಲ್ಲೇ ತಡೆದಳು.

ನಮ್ಮಮ್ಮನಿಗಂತೂ ಈ ಎಕ್ಕದ ಬೈಗುಳ ಬಾಯಿಪಾಠವಾಗಿತ್ತು. ಹಾಲು ಕುಡಿದ ಬೆಕ್ಕಿಗೆ, ಹತ್ತದ ಸ್ಟವ್ವಿಗೆ, ಶಾಲೆಯಿಂದ ತಡವಾಗಿ ಬಂದ ನನಗೆ, ಎಲ್ಲರಿಗೂ “ನಿನ್ ಮನೆ ಎಕ್ಕುಟ್ಟೋಗ!” ನನ್ನ ಮನೆ ಎಂದರೆ ಅವಳದೇ ಮನೆ ಎಂಬುದು ಅವಳಿಗೂ ಹೊಳೆದಿರಲಿಲ್ಲ, ನನಗೂ ಇಲ್ಲ.

ಅವಳು ಹೋದಮೇಲೆ ಊರಿನ ಮನೆಗೆ ಬೀಗ. ಕಳೆದ ದೀಪಾವಳಿಗೆ ಹೋಗಿ ನೋಡಿದರೆ ಅಡುಗೆಮನೆಯ ಹೆಂಚು ಕುಸಿದು ಬಿಸಿಲು ಒಳಗೆ ಬಿದ್ದಿತ್ತು. ಒಲೆಯ ಪಕ್ಕದಲ್ಲೇ ಅದು ಎದ್ದು ನಿಂತಿತ್ತು, ನೇರಳೆ ಬಣ್ಣದ ಹೂ ಬಿಟ್ಟುಕೊಂಡು.

ಬರುವ ರಥಸಪ್ತಮಿಗೆ ನಾನು ಯಾರ ಮನೆಯ ಬೆಲ್ಲನ್ನೂ ಒತ್ತಬೇಕಾಗಿಲ್ಲ.