ಬೋಳು ಬೆನ್ನಿನ ಕುದುರೆ

ಕಾಡುಕುದುರೆಯ ಫೋಟೋ ತೆಗೆಯುವ ಹುಚ್ಚು ಮುಂಬಯಿಯವರಿಗೆ ಯಾಕೆ ಹತ್ತುತ್ತದೆ ಎಂಬುದು ವಿರಾರ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದವರಿಗೆ ಅರ್ಥವಾಗುತ್ತದೆ. ಕಣ್ಣು ಹಾಯುವಷ್ಟು ದೂರ ಯಾರೂ ಇಲ್ಲದ ಬಯಲಲ್ಲಿ ಒಂದು ಪ್ರಾಣಿ ತನ್ನ ಪಾಡಿಗೆ ಓಡುತ್ತಿರುವುದನ್ನು ನೋಡಿದರೇ ಸಾಕು, ಅರ್ಧ ಜೀವ ಬಂದಂತಾಗುತ್ತದೆ.

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗಳು ಈ ಹುಚ್ಚಿನಲ್ಲಿ ಎತ್ತಿದ ಕೈ. ಚಳಿಗಾಲ ಬಂತೆಂದರೆ ಮೊಣಕೈಯುದ್ದದ ಲೆನ್ಸನ್ನು ಹೆಗಲಿಗೇರಿಸಿ, ರಾತ್ರಿ ರೈಲು ಹತ್ತಿ, ವೀರಮ್‌ಗಾಮ್‌ನಲ್ಲಿಳಿದು, ಜೀಪು ಹಿಡಿದು ಕಛ್‌ನ ಚಿಕ್ಕ ರಣ್ ಸೇರುತ್ತಾರೆ. ಬಿರುಕು ಬಿಟ್ಟ ಉಪ್ಪು ನೆಲ. ಅದರ ಮೇಲೆ ತಿಳಿಗಂದು ಮೈಯ ಘುಡ್‌ಖರ್: ಬಿಳಿ ಹೊಟ್ಟೆ, ಬೆನ್ನುದ್ದಕ್ಕೂ ಕಪ್ಪು ಗೆರೆ, ಹಲ್ಲುಜ್ಜುವ ಬ್ರಷ್ಷಿನ ಹಾಗೆ ನೆಟ್ಟಗೆ ನಿಂತ ಕೇಸರ. 1962ರಲ್ಲಿ 870 ಎಂದು ಅಂದಾಜಾಗಿದ್ದ ಇವು 2020ರ ಎಣಿಕೆಯಲ್ಲಿ ಆರು ಸಾವಿರ ದಾಟಿದವು. ಅಭಯಾರಣ್ಯದ ವಿಸ್ತೀರ್ಣ 4,954 ಚದರ ಕಿಲೋಮೀಟರ್, ಅಂದರೆ ಮುಂಬಯಿಯಂಥ ಎಂಟು ಊರು ಹಿಡಿಸುವಷ್ಟು. ಸೆಕ್ರೆಟರಿಗಳು ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು: "ತಲಾ 200 ಎಕರೆ ಕಾರ್ಪೆಟ್ ಏರಿಯಾ! ಮೆಂಟೆನೆನ್ಸ್ ಬಾಕಿ ನಯಾ ಪೈಸೆ ಇಲ್ಲ."

ಆ ಫೋಟೋಗಳು ಈಗ ನೋಟಿಸ್ ಬೋರ್ಡಿನ ಪಕ್ಕದಲ್ಲಿ, ನೀರು ಬಿಡುವ ಸಮಯದ ಪಟ್ಟಿಗೆ ತಾಗಿಕೊಂಡೇ ತೂಗುತ್ತಿವೆ. ಎರಡನೇ ಮಹಡಿಯ ಗುಜರಾತಿ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, "ಕತ್ತೆ ನೋಡೋಕೆ ಅಷ್ಟು ದೂರ ಹೋಗಿದ್ರಾ?" ಎಂದರಂತೆ. ಪ್ರಾಣಿಶಾಸ್ತ್ರ ಅಜ್ಜಿಯ ಕಡೆಗೇ ಇದೆ, ಅದು ಕಾಡುಕತ್ತೆಯೇ. ಆದರೆ ಸೆಕ್ರೆಟರಿಗಳ ಎದುರು ಹಾಗನ್ನುವ ಧೈರ್ಯ ಪಾರ್ಕಿಂಗ್ ಜಾಗ ಬೇಕಾದವರಿಗೆ ಇರುವುದಿಲ್ಲ.

"ಅಲ್ರೀ, ಕುದುರೆಗಾಗಿ ಗುಜರಾತಿಗೆ ಯಾಕೆ ಹೋಗಬೇಕು? ನಮ್ಮ ಮುಂಬಯಿಯಲ್ಲಿ ಇಲ್ವೇ?" ಎಂದಳು ನನ್ನ ಹೆಂಡತಿ. ಖರ್ಚಿಲ್ಲದ ಸಲಹೆ. ಮೊಬೈಲ್ ಹಿಡಿದು ಹೊರಟೆ.

ಮರೀನ್ ಡ್ರೈವ್‌ನಲ್ಲಿ ಕುದುರೆಯ ಆಸೆ ಬಿಡಬೇಕು. ಅಲ್ಲಿನ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟ್ 2015ರಲ್ಲಿ ತೀರ್ಪಿತ್ತಿತು. 2021ರಲ್ಲಿ ಗಾಡಿ ಮರಳಿ ಬಂತು, ಬ್ಯಾಟರಿ ಹಾಕಿಸಿಕೊಂಡು. ಕುದುರೆ ಮಾತ್ರ ಬರಲಿಲ್ಲ. ಅದಕ್ಕೆ ಒಳ್ಳೆಯದೇ ಆಯಿತು ಬಿಡಿ.

ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ 1883ರಿಂದ ಕುದುರೆಗಳು ಓಡುತ್ತಿವೆ. ಬೆಳಿಗ್ಗೆ ಅಲ್ಲಿ ಸಕ್ಕರೆ ಕಾಯಿಲೆಯವರು ನಡೆಯುತ್ತಾರೆ, ಕುದುರೆಗಳು ತಾಲೀಮು ಮಾಡುತ್ತವೆ. ಯಾರು ಯಾರನ್ನು ನೋಡಿ ಹುರುಪುಗೊಳ್ಳುತ್ತಾರೋ ತಿಳಿಯದು. ಓಡುವ ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಹಳೆಯ ಜಗಳವನ್ನು ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ 1878ರಲ್ಲಿ ಸಾಲುಗಟ್ಟಿ ಕ್ಯಾಮೆರಾ ಇಟ್ಟು ತೀರಿಸಿದ. ಬಿಡುತ್ತವೆ, ಆದರೆ ಹಳೆಯ ಚಿತ್ರಗಾರರು ಬರೆದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯಡಿಗೆ ಮಡಚಿಕೊಂಡಾಗ. ನನ್ನ ಮೊಬೈಲಿನಲ್ಲಿ ಗೊರಸೂ ಇಲ್ಲ, ನೆಲವೂ ಇಲ್ಲ. ಒಂದು ಬಾಲ, ಅದರ ಹಿಂದೆ ಏದುಸಿರು ಬಿಡುತ್ತಿದ್ದ ಒಬ್ಬ ಕಾಕಾ.

ನಿಂತ ಕುದುರೆ ಸಿಕ್ಕಿದ್ದು ಮುಲುಂಡಿನ ಗಲ್ಲಿಯೊಂದರಲ್ಲಿ, ಮದುವೆಯ ದಿಬ್ಬಣದಲ್ಲಿ. ಬಿಳಿ ಹೆಣ್ಣು ಕುದುರೆ. ಹಣೆಗೆ ಕನ್ನಡಿ ಚೂರಿನ ಪಟ್ಟಿ, ಮೂಗಿನವರೆಗೂ ಇಳಿಬಿದ್ದ ಜರಿಯ ಜಾಲರಿ. ಒಂದಡಿ ದೂರದಲ್ಲಿ ತುತ್ತೂರಿಯವನು ಕೆನ್ನೆ ಉಬ್ಬಿಸಿ ಊದುತ್ತಿದ್ದರೂ ಕಿವಿ ಸಹ ಅಲುಗಿಸದ ನಿರ್ಲಿಪ್ತೆ. ಮೇಲೆ ಕೂತ ವರ ಮಾತ್ರ ಜೀನಿನ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ಬೆವರುತ್ತಿದ್ದ. ಮುಂದೆ ಕೂಡಿಸಿದ್ದ ಪುಟ್ಟ ಹುಡುಗ ನಿದ್ದೆ ಹೋಗಿದ್ದ. ಚಿಕ್ಕಪ್ಪನೊಬ್ಬ ನಾಗಿಣಿ ನೃತ್ಯ ಮಾಡುತ್ತ ಅವಳ ಕಾಲಬುಡಕ್ಕೇ ಉರುಳಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಅವನ ಕೊರಳಿನಿಂದ ಕಳಚಿ ಬಿದ್ದ ಚೆಂಡುಹೂವಿನ ಮಾಲೆಯನ್ನು ನಿಧಾನವಾಗಿ ತಿನ್ನತೊಡಗಿದಳು. ನಾನು ಫೋಟೋ ತೆಗೆಯಲು ಬಗ್ಗಿದರೆ ವಿಡಿಯೋದವನು ಗದರಿದ: "ಅಂಕಲ್, ಬಾಜೂ! ದೂಲ್ಹಾ ದಿಖ್ ನಹೀ ರಹಾ."

ಸವಾರನಿಲ್ಲದ ಕುದುರೆಯೂ ಈ ಊರಲ್ಲೊಂದಿದೆ, ಕಾಲಾ ಘೋಡಾದಲ್ಲಿ. ಮೊದಲು ಅಲ್ಲಿದ್ದುದು ಪ್ರಿನ್ಸ್ ಆಫ್ ವೇಲ್ಸ್ ಏರಿ ಕೂತ ಕುದುರೆ, 1879ರಲ್ಲಿ ಸ್ಥಾಪಿಸಿದ್ದು, ಹಣ ಸಸೂನ್ ಸಾಹುಕಾರರದ್ದು. ಸ್ವಾತಂತ್ರ್ಯ ಬಂದ ಮೇಲೆ ರಾಜನಿಗೆ ಅಲ್ಲೇನು ಕೆಲಸವೆಂದು 1965ರಲ್ಲಿ ಕುದುರೆ ಸಮೇತ ಅವನನ್ನು ಬೈಕಲಾದ ರಾಣಿಬಾಗ್‌ಗೆ, ಪ್ರಾಣಿಸಂಗ್ರಹಾಲಯವಿರುವ ಉದ್ಯಾನಕ್ಕೆ, ಸಾಗಿಸಿದರು. ರಾಜನ ಪಾಪಕ್ಕೆ ಕುದುರೆಗೂ ಗಡೀಪಾರು! ಆಮೇಲೆ ಅರ್ಧ ಶತಮಾನ ಕುದುರೆಯಿಲ್ಲದೆಯೇ ಜನ ಆ ಜಾಗವನ್ನು ಕಾಲಾ ಘೋಡಾ ಎಂದರು. 2017ರಲ್ಲಿ ಹೊಸ ಕರಿಕುದುರೆ ಬಂತು. ಈ ಸಲ ಬೆನ್ನ ಮೇಲೆ ಯಾರನ್ನೂ ಕೂಡಿಸಲಿಲ್ಲ. ಜೀನಿಲ್ಲ, ರಾಜನಿಲ್ಲ, ವರನಿಲ್ಲ. ರಣ್‌ಗೆ ಹೋಗದೆ ಇದಕ್ಕಿಂತ ಸ್ವತಂತ್ರ ಕುದುರೆ ಎಲ್ಲಿ ಸಿಕ್ಕೀತು? ಓಡುವುದೂ ಇಲ್ಲ.

ಬೆಳಕು ನೋಡಿ, ಕೋನ ನೋಡಿ, ಮೊಬೈಲ್ ಎತ್ತಿದೆ. ಕಾಲೇಜು ಹುಡುಗಿಯರ ಗುಂಪೊಂದು ಬಂದು ಕುದುರೆಯ ಮುಂದೆ ಸಾಲಾಗಿ ನಿಂತಿತು. ಒಬ್ಬಳು ಓಡಿ ಬಂದು ತನ್ನ ಫೋನನ್ನು ನನ್ನ ಕೈಗಿತ್ತಳು. ಎಲ್ಲರೂ ಬರುವಂತೆ ನಾನು ಹಿಂದೆ ಹಿಂದೆ ಸರಿಯುವುದನ್ನು ಕಂಡು ಅಲ್ಲಿಂದಲೇ ಕೂಗಿದಳು: "ಅಂಕಲ್, ಘೋಡಾ ಕಟ್ ಗಯಾ ತೋ ಭೀ ಚಲೇಗಾ!"