ಸ್ವಾರಗೇಟ ಪ್ರತಿ: ಒಂದು ಮದುವೆ ಡಿವಿಡಿಯ ಗ್ರಂಥಸಂಪಾದನೆ

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆಯವರು 1919ರಲ್ಲಿ ಕೈಹಚ್ಚಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣಕ್ಕೆ 1,259 ಹಸ್ತಪ್ರತಿಗಳ ಆಧಾರವಿತ್ತು. ಅದೇ ಊರಿನ ಸ್ವಾರಗೇಟದಲ್ಲಿ, ಎಸ್.ಟಿ. ಸ್ಟ್ಯಾಂಡಿನ ಗದ್ದಲ ಕೇಳಿಸುವಷ್ಟು ಸಮೀಪದ ಎರಡನೇ ಮಹಡಿಯಲ್ಲಿ, ಈ ಲೇಖಕ ಹಿಡಿದ ಕೆಲಸಕ್ಕೆ ಸಿಕ್ಕದ್ದು ಎರಡೇ ಪ್ರತಿ. ಕೃತಿ: ನಮ್ಮ ಮದುವೆ. ಕಾಲ: 2006. ಸ್ಥಳ: ಆಗಿನ ಬಿಜಾಪುರ. ಉದ್ದೇಶ: ಪೂರ್ತಿ ಅಳಿಯುವ ಮೊದಲು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು.

'ಸ್ವಾ' ಪ್ರತಿಯ ವರ್ಣನೆ: ಅಗಲ 12 ಸೆಂ.ಮೀ., ದಪ್ಪ 1.2 ಮಿ.ಮೀ. ಬೆನ್ನಮೇಲೆ ಲಿಪಿಕಾರನ, ಎಂದರೆ ವಿಡಿಯೋದವನ, ಸ್ಕೆಚ್ ಪೆನ್ನಿನ ಬರಹ. ವಧುವಿನ ಹೆಸರಿನಲ್ಲೇ ಸ್ಖಾಲಿತ್ಯ. ಹೊಟ್ಟೆಯ ತುಂಬ ಗೀರು. ಗೀರಿಗೆ ಟೂತ್‌ಪೇಸ್ಟ್ ತಿಕ್ಕಬೇಕೆಂಬುದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಡಿಸ್ಕಿನ ಬರಹ ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಅಡ್ಡ ಬಿದ್ದ ಗೀರನ್ನು ಯಂತ್ರ ಹೇಗೋ ತಿದ್ದಿಕೊಂಡು ಓದೀತು. ಸುರುಳಿಯ ಗುಂಟ ಬಿದ್ದದ್ದು ಸಾಲಿಗೆ ಸಾಲನ್ನೇ ನುಂಗುತ್ತದೆ. ಆದ್ದರಿಂದ ಒರೆಸುವುದು ನಡುವಿನಿಂದ ಅಂಚಿಗೆ, ನೇರವಾಗಿ. ರೊಟ್ಟಿ ಬಡಿದ ಹಾಗೆ ಗುಂಡಗೆ ಕೈಯಾಡಿಸಬಾರದು. (ಇಷ್ಟು ವರ್ಷ ನಾನು ಆಡಿಸಿದ್ದು ಗುಂಡಗೇ.)

ಒಳಗೆ ಎರಡು ಫೋಲ್ಡರು. 'ಆಡಿಯೋ ಟಿಎಸ್' ಪೂರ್ತಿ ಖಾಲಿ. ಗಂಡನ ಅಭಿಪ್ರಾಯಗಳಿಗೆ ಮೀಸಲಿಟ್ಟ ಜಾಗವಿರಬೇಕೆಂದು ವ್ಯಾಖ್ಯಾನಕಾರನ ಊಹೆ. 'ವಿಡಿಯೋ ಟಿಎಸ್'ನಲ್ಲಿ ಮದುವೆ 1 ಜಿಬಿ ಮೀರದ ತುಂಡುಗಳಾಗಿ ಬಿದ್ದಿದೆ. ಯಂತ್ರಕ್ಕೆ ಶಾಸ್ತ್ರ ಗೊತ್ತಿಲ್ಲ: ಸಪ್ತಪದಿಯ ನಾಲ್ಕು ಹೆಜ್ಜೆ ಒಂದು ತುಂಡಿನಲ್ಲಿ, ಉಳಿದ ಮೂರು ಮುಂದಿನದರಲ್ಲಿ. ಜೊತೆಗೆ ಯಾವುದು ಎಲ್ಲಿದೆ ಎಂದು ತಿಳಿಸುವ 'ಐಎಫ್‌ಒ' ಕಡತ, ಅದರದೇ ನಕಲಾದ 'ಬಿಯುಪಿ'. ಪರಿವಿಡಿಗೆ ನಕಲುಂಟು, ಮದುವೆಗಿಲ್ಲ!

ಅಂಗಡಿಯ ಸಿನಿಮಾ ಡಿಸ್ಕುಗಳಿಗೆ ಬೀಗವಿರುತ್ತಿತ್ತು. 1999ರಲ್ಲೇ ಅದನ್ನು ಒಡೆದರು. ನಮ್ಮದಕ್ಕೆ ಬೀಗವೇ ಇಲ್ಲ. ಈ ಮದುವೆಯನ್ನು ಯಾರಾದರೂ ಕದ್ದಾರೆಂದು ವಿಡಿಯೋದವನಿಗೆ ಅನಿಸಿರಲಿಕ್ಕಿಲ್ಲ.

ಮೇಲಿನ ಮನೆಯವರ ಡ್ರೈವ್ ಕಡ ತಂದು ಹಚ್ಚಿದರೆ, ತಾಳಿ ಕಟ್ಟುವಲ್ಲೇ ಗ್ರಂಥಪಾತ. ಕೈ ಎತ್ತಿದ ವರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟ. ಪಾಠಾಂತರಕ್ಕಾಗಿ ವಿಜಯಪುರಕ್ಕೆ ಫೋನು ಹೋಯಿತು. ಹೆಂಡತಿಯ ತಮ್ಮ ಬಸ್ಸಿನಲ್ಲಿ ಕಳಿಸಿದ 'ವಿ' ಪ್ರತಿಯನ್ನು ನಸುಕಿನಲ್ಲಿ ಸ್ಟ್ಯಾಂಡಿಗೆ ಹೋಗಿ ತಂದೆ. ಅದರಲ್ಲಿ ತಾಳಿ ಸುರಕ್ಷಿತ.

ಇಲ್ಲಿಂದ ಪ್ರಕ್ಷಿಪ್ತದ ಜಿಜ್ಞಾಸೆ. ಗಂಡಿನವರ ಪಾಠದಲ್ಲಿ, ಹೆಚ್ಚಿಗೆ ರೊಕ್ಕ ಕೊಟ್ಟದ್ದರಿಂದ, ವಧೂವರರು ಹಿಮದ ಬೆಟ್ಟದ ಮೇಲೆ, ದೊಡ್ಡದೊಂದು ಗುಲಾಬಿಯೊಳಗೆ ಅರಳುತ್ತಾರೆ. ಹೆಣ್ಣಿನವರ ಪಾಠದಲ್ಲಿ ಬೆಟ್ಟವಿಲ್ಲ. ಎಲ್ಲ ಪ್ರತಿಗಳಲ್ಲೂ ಇಲ್ಲದ್ದು ಅಡಿಟಿಪ್ಪಣಿಗೆ ಇಳಿಯಬೇಕೆಂಬುದು ಸಂಪಾದನೆಯ ಶಿಸ್ತು. ಕತ್ತರಿಸಲು ಕೂತೆ.

"ಅದನ್ನ ತೆಗಿಬ್ಯಾಡ್ರಿ," ಅಂದಳು ಹೆಂಡತಿ. "ಅಲ್ಲಿ ನಮ್ಮ ಅವ್ವ ಇದ್ದಾಳ."

ಮಾವ ತೀರಿಕೊಂಡಿದ್ದರು. ಕನ್ಯಾದಾನ ಕಾಕಾ-ಕಾಕು ಮಾಡಿದ್ದರು. ಅತ್ತೆ ಮಂಟಪದ ಹತ್ತಿರ ಬಂದಿರಲಿಲ್ಲ. ಎರಡು ತಾಸಿನ ಕೃತಿಯಲ್ಲಿ ಎಲ್ಲೂ ಕಾಣುವುದಿಲ್ಲ. ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಫೋಟೋದಿಂದ ನಮ್ಮಿಬ್ಬರನ್ನು ಬಿಡಿಸಿ ಗುಲಾಬಿಯೊಳಗೆ ಅಂಟಿಸುವಾಗ ವಿಡಿಯೋದವ ಅಂಚು ಸರಿಯಾಗಿ ಕತ್ತರಿಸಿಲ್ಲ. ಎಡಗಡೆಯ ಎಸಳಿನ ಆಚೆ, ಹಿಮದ ಮೇಲೆ, ಬಳೆಯಿಲ್ಲದ ಒಂದು ಕೈ ಮಗಳ ಸೆರಗು ಸರಿಮಾಡುತ್ತಿದೆ.

ಬೆಟ್ಟವನ್ನು ಮೂಲಪಾಠಕ್ಕೆ ಸೇರಿಸಲಾಗಿದೆ.